ಗಣಕಕ್ಕೆ ನೀರಿನ ತಂಪು: ದೊಡ್ಡ ಕೋಣೆಯಿಂದ ಪುಟ್ಟ ಪೆಟ್ಟಿಗೆಗೆ

ಕಾಯಿಸಿದ ಹಾಲು ಬೇಗ ಆರಬೇಕಾದರೆ ನೀವು ಏನು ಮಾಡುತ್ತೀರಿ? ಪಾತ್ರೆಯನ್ನು ಫ್ಯಾನಿನ ಕೆಳಗೆ ಇಡಬಹುದು. ಇನ್ನೂ ಬೇಗ ಆರಬೇಕೆಂದರೆ ಅಗಲವಾದ ಬೋಗುಣಿಗೆ ತಣ್ಣೀರು ಹಾಕಿ, ಅದರಲ್ಲಿ ಹಾಲಿನ ಪಾತ್ರೆಯನ್ನು ಇಡುತ್ತೀರಿ. ಕೆಲವೇ ನಿಮಿಷಗಳಲ್ಲಿ ಹಾಲು ಆರುತ್ತದೆ, ಬೋಗುಣಿಯ ನೀರು ಬೆಚ್ಚಗಾಗುತ್ತದೆ. ಹಾಲಿನಲ್ಲಿದ್ದ ಉಷ್ಣ ನಾಶವಾಗಲಿಲ್ಲ. ನೀರಿಗೆ ದಾಟಿತು, ಅಷ್ಟೆ. ಆ ನೀರಿನಿಂದ ಅದು ನಿಧಾನವಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ.

ಇಂದು ಕೆಲವು ಯುವಕರು ತಮ್ಮ ಕೈಯಿಂದಲೇ ಜೋಡಿಸಿಕೊಳ್ಳುವ ಆಟದ ಕಂಪ್ಯೂಟರಿನಲ್ಲಿಯೂ ನಡೆಯುವುದು ಇದೇ. ಅದರ ಪೆಟ್ಟಿಗೆ ಅಂಗಡಿಯ ಹದಿನೈದು ಲೀಟರಿನ ಎಣ್ಣೆ ಡಬ್ಬಕ್ಕಿಂತ ಚಿಕ್ಕದಾಗಿರಬಹುದು. ಒಳಗೆ ಪುಟ್ಟ ಪಂಪು, ಕೊಳವೆಗಳು, ಒಂದು ರೇಡಿಯೇಟರ್. ವಿದ್ಯುತ್ ಹರಿಯುವ ಹಲಗೆಗಳ ಪಕ್ಕದಲ್ಲೇ ನೀರು ಹರಿಯುತ್ತಿರುತ್ತದೆ. ನೀರನ್ನೂ ವಿದ್ಯುತ್ತನ್ನೂ ದೂರ ಇಡಬೇಕೆಂದು ತರಗತಿಯಲ್ಲಿ ಕಲಿಸುವ ನಮಗೆ ಇದನ್ನು ಕಂಡರೆ ಅಚ್ಚರಿಯಾಗುತ್ತದೆ. ಈ ಸಾಹಸ ಏಕೆ ಬೇಕಾಯಿತು? ಇದು ಯಾರ ಉಪಾಯ? ಇದರ ಇತಿಹಾಸ ಆಟದ ಕಂಪ್ಯೂಟರಿಗಿಂತ ಬಹಳ ಹಳೆಯದು.

ಕೆಲಸವೆಲ್ಲ ಕೊನೆಗೆ ಉಷ್ಣ

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ಮೋಟಾರು ವಿದ್ಯುತ್ತನ್ನು ಬಳಸಿ ನೀರೆತ್ತುತ್ತದೆ. ಆಗ ವಿದ್ಯುತ್ ಶಕ್ತಿಯ ಒಂದು ಭಾಗ ನೀರಿನ ಸ್ಥಾನಶಕ್ತಿಯಾಗಿ ಉಳಿಯುತ್ತದೆ. ಗಣಕ ಲೆಕ್ಕ ಮಾಡಿದಾಗ ಹಾಗೆ ಏನೂ ಉಳಿಯುವುದಿಲ್ಲ. ಅದು ಸೆಳೆದುಕೊಂಡ ವಿದ್ಯುತ್ ಶಕ್ತಿಯೆಲ್ಲವೂ ಬಹುಮಟ್ಟಿಗೆ ಉಷ್ಣವಾಗುತ್ತದೆ. 400 ವಾಟ್ ಸೆಳೆಯುವ ಗಣಕವೆಂದರೆ, ಉಷ್ಣದ ದೃಷ್ಟಿಯಿಂದ, 400 ವಾಟಿನ ಒಂದು ಒಲೆ.

1946ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಸಾರ್ವಜನಿಕರಿಗೆ ತೋರಿಸಿದ ಎನಿಯಾಕ್ ಗಣಕದಲ್ಲಿ ಸುಮಾರು 18,000 ನಿರ್ವಾತ ನಳಿಗೆಗಳಿದ್ದವು. ರೇಡಿಯೊ ರಿಪೇರಿಯವರು ವಾಲ್ವ್ ಎಂದು ಕರೆಯುತ್ತಿದ್ದ ನಳಿಗೆಗಳೇ ಇವು. ಪ್ರತಿಯೊಂದರಲ್ಲೂ ಕಾದು ಕೆಂಪಾಗುವ ತಂತಿ. ಒಟ್ಟು ಬಳಕೆ ಸುಮಾರು 150 ಕಿಲೋವಾಟ್. ಆದರೆ ಆ ಗಣಕ ಒಂದು ದೊಡ್ಡ ಕೋಣೆಯ ತುಂಬ ಹರಡಿಕೊಂಡಿತ್ತು. ನಳಿಗೆಗಳ ನಡುವೆ ಬೇಕಾದಷ್ಟು ಜಾಗವಿತ್ತು. ದೊಡ್ಡ ಫ್ಯಾನುಗಳಿಂದ ಗಾಳಿ ಊದಿದರೆ ಸಾಕಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಉಷ್ಣ ಎಷ್ಟು ಎಂಬುದಷ್ಟೇ ಮುಖ್ಯವಲ್ಲ. ಎಷ್ಟು ಜಾಗದಲ್ಲಿ ಎಂಬುದೂ ಮುಖ್ಯ. ಮನೆಯ ಇಸ್ತ್ರಿ ಪೆಟ್ಟಿಗೆ 1,000 ವಾಟಿನದು, ಅದರ ತಳ 200 ಚದರ ಸೆಂಟಿಮೀಟರ್ ಎಂದುಕೊಳ್ಳಿ. ಪ್ರತಿ ಚದರ ಸೆಂಟಿಮೀಟರಿಗೆ 5 ವಾಟ್ ಬಂತು. ಈಗ 100 ವಾಟ್ ಸೆಳೆಯುವ, 2 ಚದರ ಸೆಂಟಿಮೀಟರ್ ಅಳತೆಯ ಸಿಲಿಕಾನ್ ಚಿಪ್ ಒಂದನ್ನು ತೆಗೆದುಕೊಳ್ಳಿ. ಪ್ರತಿ ಚದರ ಸೆಂಟಿಮೀಟರಿಗೆ 50 ವಾಟ್! ಇಸ್ತ್ರಿ ಪೆಟ್ಟಿಗೆಯ ಹತ್ತರಷ್ಟು. ಬಟ್ಟೆಯನ್ನು ಕಾಯಿಸುವುದು ಇಸ್ತ್ರಿ ಪೆಟ್ಟಿಗೆಯ ಕೆಲಸ. ಚಿಪ್ ಮಾತ್ರ ಕಾಯಕೂಡದು. ತಾಪ ಸುಮಾರು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಇಲ್ಲವೆ ಕೆಲಸ ನಿಲ್ಲಿಸುತ್ತದೆ.

ಒತ್ತೊತ್ತಾಗಿ ಕೂಡಿಸಿದ್ದೇಕೆ?

ಹಾಗಾದರೆ ಭಾಗಗಳನ್ನು ಎನಿಯಾಕ್‌ನಂತೆ ದೂರ ದೂರ ಇಟ್ಟರೆ ಆಗದೆ? ಆಗದು. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ, ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ತಂತಿಯಲ್ಲಿ ವಿದ್ಯುತ್ ಸಂಕೇತ ಅದಕ್ಕಿಂತಲೂ ನಿಧಾನ. ಗಣಕ ವೇಗವಾಗಬೇಕಾದರೆ ತಂತಿಗಳು ಗಿಡ್ಡವಾಗಬೇಕು. ತಂತಿಗಳು ಗಿಡ್ಡವಾಗಬೇಕಾದರೆ ಭಾಗಗಳು ಹತ್ತಿರ ಬರಬೇಕು. ಹತ್ತಿರ ಬಂದಷ್ಟೂ ಉಷ್ಣ ಒಂದೆಡೆ ದಟ್ಟೈಸುತ್ತದೆ. ವೇಗ, ಗಾತ್ರ, ಉಷ್ಣ ಈ ಮೂರರ ಗಂಟು ಬಿದ್ದದ್ದು ಹೀಗೆ.

ಈ ಗಂಟನ್ನು ಬಿಡಿಸಲು ನೀರನ್ನು ಕರೆದವರಲ್ಲಿ ಐಬಿಎಂ ಸಂಸ್ಥೆಯ ಎಂಜಿನಿಯರುಗಳು ಮೊದಲಿಗರ ಸಾಲಿನಲ್ಲಿದ್ದಾರೆ. ಅವರು 1964ರಲ್ಲಿ ಪ್ರಕಟಿಸಿದ ಸಿಸ್ಟಮ್/360 ಮಾದರಿ 91 ಎಂಬ ಗಣಕದಲ್ಲಿ ಗಾಳಿ ಮತ್ತು ನೀರು ಜೊತೆಯಾಗಿ ದುಡಿದವು. ಒಂದರ ಮೇಲೊಂದು ನಿಂತ ಸರ್ಕಿಟ್ ಹಲಗೆಗಳ ಮೂಲಕ ಸಾಗುವ ಗಾಳಿ ಮೇಲೇರುತ್ತ ಬಿಸಿಯಾಗುತ್ತಿತ್ತು. ಮೇಲಿನ ಹಲಗೆಗೆ ಬಿಸಿ ಗಾಳಿಯೇ ಗತಿ. ಅದಕ್ಕಾಗಿ ಹಲಗೆಗಳ ನಡುವೆ ನೀರು ಹರಿಯುವ ಉಷ್ಣ ವಿನಿಮಯಕಗಳನ್ನಿಟ್ಟು ಗಾಳಿಯನ್ನು ದಾರಿಯಲ್ಲೇ ತಂಪುಮಾಡಿದರು. ಇಂಥ ಮೊದಲ ಗಣಕ 1967ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರಕ್ಕೆ ಹೋಯಿತು.

1976ರ ಕ್ರೇ-1 ಮಹಾಗಣಕದ ಕಥೆಯೂ ಇದೇ. ಸೀಮೂರ್ ಕ್ರೇ ತನ್ನ ಗಣಕವನ್ನು ಇಂಗ್ಲಿಷಿನ ಸಿ ಅಕ್ಷರದ ಆಕಾರದಲ್ಲಿ ನಿಲ್ಲಿಸಿದ. ಅಂದಕ್ಕಾಗಿ ಅಲ್ಲ, ಯಾವ ತಂತಿಯೂ ನಾಲ್ಕು ಅಡಿ ಮೀರಬಾರದೆಂದು. ಸುಮಾರು 115 ಕಿಲೋವಾಟ್ ಉಷ್ಣವನ್ನು ಹೊರಹಾಕಲು ನಮ್ಮ ಫ್ರಿಜ್ಜುಗಳಲ್ಲಿ ಆಗ ಬಳಸುತ್ತಿದ್ದಂಥ ಫ್ರಿಯಾನ್ ದ್ರವ ಬೇಕಾಯಿತು. 1985ರ ಕ್ರೇ-2ರಲ್ಲಿ ಇನ್ನೂ ಮುಂದೆ ಹೋಗಿ, ಸರ್ಕಿಟ್ ಹಲಗೆಗಳನ್ನೇ ವಿದ್ಯುತ್ ಹರಿಯಗೊಡದ ಫ್ಲೋರಿನರ್ಟ್ ಎಂಬ ದ್ರವದಲ್ಲಿ ಮುಳುಗಿಸಿಟ್ಟರು.

ನೀರೇ ಏಕೆ?

ಒಂದು ಕಿಲೋಗ್ರಾಂ ನೀರಿನ ತಾಪವನ್ನು 1 ಡಿಗ್ರಿ ಏರಿಸಲು ಸುಮಾರು 4,186 ಜೂಲ್ ಬೇಕು. ಅಷ್ಟೇ ತೂಕದ ಗಾಳಿಗೆ ಸುಮಾರು 1,005 ಜೂಲ್ ಸಾಕು. ತೂಕದ ಲೆಕ್ಕದಲ್ಲಿ ನಾಲ್ಕರಷ್ಟು ಮಾತ್ರ ಹೆಚ್ಚು. ಆದರೆ ಪೆಟ್ಟಿಗೆಯೊಳಗೆ ಎಣಿಕೆಗೆ ಬರುವುದು ತೂಕವಲ್ಲ, ಗಾತ್ರ. ಒಂದು ಘನ ಮೀಟರ್ ನೀರು 1,000 ಕಿಲೋಗ್ರಾಂ ತೂಗಿದರೆ ಗಾಳಿ ತೂಗುವುದು ಸುಮಾರು 1.2 ಕಿಲೋಗ್ರಾಂ. ಎರಡನ್ನೂ ಗುಣಿಸಿ ನೋಡಿ: ಸಮ ಗಾತ್ರದ ನೀರು ಗಾಳಿಗಿಂತ ಸುಮಾರು 3,500 ಪಟ್ಟು ಉಷ್ಣವನ್ನು ಹೊರಬಲ್ಲದು. ನೀರಿನ ಉಷ್ಣವಾಹಕತೆಯೂ ಗಾಳಿಯದಕ್ಕಿಂತ ಇಪ್ಪತ್ತು ಪಟ್ಟಿಗಿಂತ ಹೆಚ್ಚು.

ವಿದ್ಯಾರ್ಥಿಗಳಿಂದ ಈ ಲೆಕ್ಕ ಮಾಡಿಸಿ. 400 ವಾಟ್ ಉಷ್ಣವನ್ನು 10 ಡಿಗ್ರಿ ಏರಿಕೆಯಲ್ಲಿ ಸಾಗಿಸಲು ಸೆಕೆಂಡಿಗೆ ಎಷ್ಟು ಗಾಳಿ ಬೇಕು? ಸುಮಾರು 33 ಲೀಟರ್. ಎಷ್ಟು ನೀರು ಬೇಕು? ಸುಮಾರು 10 ಮಿಲಿಲೀಟರ್, ಅಂದರೆ ಎರಡು ಟೀ ಚಮಚ!

ಹೀಲಿಯಮ್, ಕೊಂತ ಮತ್ತು ಕೂದಲಿನಂಥ ಕಾಲುವೆ

ನೀರು ಉಷ್ಣವನ್ನು ಹೊರಬಲ್ಲದು ಸರಿ. ಆದರೆ ಚಿಪ್ಪಿನಿಂದ ನೀರಿನವರೆಗೆ ಉಷ್ಣವನ್ನು ತಲಪಿಸುವುದು ಹೇಗೆ? ನಿಜವಾದ ಕಷ್ಟ ಇರುವುದು ಇಲ್ಲಿ. ಐಬಿಎಂ 1980ರ ನವೆಂಬರಿನಲ್ಲಿ ಪ್ರಕಟಿಸಿದ 3081 ಗಣಕದಲ್ಲಿ ಇದಕ್ಕೊಂದು ಜಾಣ ಉತ್ತರವಿತ್ತು. 9 ಸೆಂಟಿಮೀಟರ್ ಚೌಕದ ಪಿಂಗಾಣಿ ಬಿಲ್ಲೆಯ ಮೇಲೆ ನೂರಕ್ಕೂ ಹೆಚ್ಚು ಚಿಪ್ಪುಗಳು. ಪ್ರತಿ ಚಿಪ್ಪಿನ ಬೆನ್ನಿಗೂ ಒಂದು ಪುಟ್ಟ ಅಲ್ಯುಮಿನಿಯಮ್ ಕೊಂತ, ಅದನ್ನು ಒತ್ತಿ ಹಿಡಿಯಲು ಒಂದು ಸ್ಪ್ರಿಂಗು. ಚಿಪ್ಪು ತುಸು ವಾರೆಯಾಗಿ ಕುಳಿತಿದ್ದರೂ ಕೊಂತ ಅದಕ್ಕೆ ಹೊಂದಿಕೊಳ್ಳುತ್ತಿತ್ತು. ನಡುವಿನ ಸಂದುಗಳಲ್ಲಿ ಗಾಳಿಯ ಬದಲು ಹೀಲಿಯಮ್ ಅನಿಲ. ಏಕೆಂದರೆ ಹೀಲಿಯಮಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಸುಮಾರು ಆರು ಪಟ್ಟು. ಕೊಂತಗಳಿಂದ ಉಷ್ಣ ಮೇಲಿನ ತಟ್ಟೆಗೆ ಬಂದು, ಅಲ್ಲಿ ಹರಿಯುವ ನೀರನ್ನು ಸೇರುತ್ತಿತ್ತು. ಇಂಥ ಒಂದೊಂದು ಘಟಕವೂ ಸುಮಾರು 300 ವಾಟ್ ಉಷ್ಣವನ್ನು ಬಿಟ್ಟುಕೊಡುತ್ತಿತ್ತು.

ಮರುವರ್ಷ, 1981ರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇವಿಡ್ ಟಕರ್‌ಮನ್ ಮತ್ತು ಫೇಬಿಯನ್ ಪೀಸ್ ಇನ್ನೊಂದು ದಾರಿ ತೋರಿಸಿದರು. ನೀರನ್ನು ದೂರದಲ್ಲೇಕೆ ಇಡಬೇಕು? ಸಿಲಿಕಾನ್ ಬಿಲ್ಲೆಯ ಬೆನ್ನಿನಲ್ಲೇ ಕಾಲುವೆಗಳನ್ನು ಕೊರೆದರು. ಒಂದೊಂದರ ಅಗಲ ಸುಮಾರು 50 ಮೈಕ್ರೊಮೀಟರ್, ತಲೆಗೂದಲಿನ ದಪ್ಪದ ಆಸುಪಾಸು. ನೀರು ಹರಿಯುವ ಸಂದು ಕಿರಿದಾದಷ್ಟೂ ಗೋಡೆಯಿಂದ ನೀರಿನ ನಡುಭಾಗಕ್ಕೆ ಉಷ್ಣ ಸಾಗಬೇಕಾದ ದೂರ ಕಡಿಮೆ. ಕಾಲುವೆಗಳು ಹೆಚ್ಚಿದಷ್ಟೂ ನೀರಿಗೆ ತಾಗುವ ಮೈ ಹೆಚ್ಚು. ಅವರ ಪ್ರಯೋಗದಲ್ಲಿ ಪ್ರತಿ ಚದರ ಸೆಂಟಿಮೀಟರಿನಿಂದ 790 ವಾಟ್ ಉಷ್ಣ ಹೊರಬಂದರೂ ತಾಪದ ಏರಿಕೆ 71 ಡಿಗ್ರಿಯನ್ನು ಮೀರಲಿಲ್ಲ. ಇಂದು ಅಂಗಡಿಯಲ್ಲಿ ಸಿಗುವ ವಾಟರ್ ಬ್ಲಾಕ್ ಎಂಬ ತಾಮ್ರದ ಬಿಲ್ಲೆಯನ್ನು ಬಿಚ್ಚಿ ನೋಡಿದರೆ ಬಾಚಣಿಗೆಯ ಹಲ್ಲಿನಂತೆ ತೀರ ತೆಳುವಾದ ಸಾಲುಗಳು ಕಾಣುತ್ತವೆ. ಅವುಗಳ ಹಿಂದಿರುವ ತತ್ತ್ವ ಇದೇ.

ನೀರಿಗೆ ನಿವೃತ್ತಿ

ಇಷ್ಟೆಲ್ಲ ಕಲಿತ ಮೇಲೆ ನೀರು ಗಣಕದಿಂದ ಹೊರಟೇ ಹೋಯಿತು. ಕಾರಣ ಟ್ರಾನ್ಸಿಸ್ಟರಿನ ಬಗೆ ಬದಲಾದದ್ದು. ಆವರೆಗಿನ ದೊಡ್ಡ ಗಣಕಗಳಲ್ಲಿದ್ದ ಬೈಪೋಲಾರ್ ಸರ್ಕಿಟ್ಟುಗಳು ವೇಗದವು. ಆದರೆ ಕೆಲಸವಿರಲಿ ಇಲ್ಲದಿರಲಿ, ವಿದ್ಯುತ್ ಸೆಳೆಯುತ್ತಲೇ ಇದ್ದವು. 1963ರಲ್ಲಿ ಫ್ರಾಂಕ್ ವಾನ್ಲಾಸ್ ರೂಪಿಸಿದ ಸಿಮಾಸ್ ಸರ್ಕಿಟ್ಟು ಹಾಗಲ್ಲ. ಅದು ಮುಖ್ಯವಾಗಿ ಸೊನ್ನೆಯಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಬದಲಾಗುವ ಕ್ಷಣದಲ್ಲಿ ಮಾತ್ರ ವಿದ್ಯುತ್ ಬಳಸುತ್ತದೆ. ಮೊದಮೊದಲು ನಿಧಾನವಾಗಿದ್ದ ಸಿಮಾಸ್ ಕ್ರಮೇಣ ವೇಗ ಗಳಿಸಿತು. 1994ರಲ್ಲಿ ಐಬಿಎಂ ಸಿಮಾಸ್ ಚಿಪ್ಪುಗಳ ದೊಡ್ಡ ಗಣಕಗಳನ್ನು ಮಾರುಕಟ್ಟೆಗೆ ತಂದಾಗ ಅವುಗಳಿಗೆ ಗಾಳಿಯೇ ಸಾಕಾಗಿತ್ತು.

ಅತ್ತ ಮೇಜಿನ ಮೇಲಿನ ಪುಟ್ಟ ಗಣಕದ್ದು ಬೇರೆಯೇ ಕಥೆ. 1981ರ ಐಬಿಎಂ ಪಿಸಿಯ ಸಂಸ್ಕಾರಕಕ್ಕೆ, ಅಂದರೆ ಪ್ರೊಸೆಸರಿಗೆ, ತನ್ನದೇ ಆದ ಫ್ಯಾನೂ ಇರಲಿಲ್ಲ, ಲೋಹದ ಹಲ್ಲುಗಳೂ ಇರಲಿಲ್ಲ. 1993ರ ಪೆಂಟಿಯಮ್ ಸುಮಾರು 15 ವಾಟ್ ಬಳಸಿತು. ಅದರ ತಲೆಯ ಮೇಲೆ ಫ್ಯಾನು ಬಂತು. 2004ರ ಪೆಂಟಿಯಮ್-4ರ ಕೆಲವು ಮಾದರಿಗಳು 115 ವಾಟ್ ಮುಟ್ಟಿದವು. ದೊಡ್ಡ ಗಣಕಗಳನ್ನು ಕಾಡಿದ್ದ ಅದೇ ಗಂಟು ಈಗ ಮನೆಯ ಮೇಜಿಗೆ ಬಂತು.

ಹೀಗಾಗುವುದೆಂಬ ಎಚ್ಚರಿಕೆ ಇರಲಿಲ್ಲವೆಂದಲ್ಲ. 1974ರಲ್ಲಿ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ತೋರಿಸಿದ್ದ ನಿಯಮದ ಪ್ರಕಾರ, ಟ್ರಾನ್ಸಿಸ್ಟರನ್ನು ಕಿರಿದುಮಾಡುತ್ತ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ತಗ್ಗಿಸಿದರೆ ಚದರ ಸೆಂಟಿಮೀಟರಿನ ಉಷ್ಣ ಏರುವುದಿಲ್ಲ. ಆದರೆ ವೋಲ್ಟೇಜನ್ನು ಒಂದು ಮಿತಿಯ ಆಚೆಗೆ ತಗ್ಗಿಸಲಾಗಲಿಲ್ಲ. ಹೀಗೆಯೇ ಮುಂದುವರಿದರೆ ಚಿಪ್ಪಿನ ಉಷ್ಣ ಸಾಂದ್ರತೆ ಪರಮಾಣು ರಿಯಾಕ್ಟರನ್ನೂ ರಾಕೆಟ್ಟಿನ ಮೂತಿಯನ್ನೂ ಸೂರ್ಯನ ಮೇಲ್ಮೈಯನ್ನೂ ಸರಿಗಟ್ಟುತ್ತದೆಂದು ಇಂಟೆಲ್‌ನ ಪ್ಯಾಟ್ ಗೆಲ್ಸಿಂಗರ್ 2001ರ ಒಂದು ಸಮ್ಮೇಳನದಲ್ಲಿ ಹೇಳಿದರು. 2004ರಲ್ಲಿ ಇಂಟೆಲ್ ತನ್ನ ಮುಂದಿನ ಅತಿವೇಗದ ಚಿಪ್ಪಿನ ಯೋಜನೆಯನ್ನು ಕೈಬಿಟ್ಟು, ಒಂದೇ ಚಿಪ್ಪಿನಲ್ಲಿ ಎರಡು ಸಂಸ್ಕಾರಕಗಳ ದಾರಿ ಹಿಡಿಯಿತು.

ಕಾರಿನ ರೇಡಿಯೇಟರ್, ಮೀನಿನ ತೊಟ್ಟಿಯ ಪಂಪು

ಮನೆಯ ಗಣಕಕ್ಕೆ ನೀರನ್ನು ಮತ್ತೆ ತಂದವರು ದೊಡ್ಡ ಸಂಸ್ಥೆಗಳಲ್ಲ, ಹವ್ಯಾಸಿಗಳು. 1998ರಲ್ಲಿ ಬಂದ ಸೆಲೆರಾನ್ 300ಎ ಎಂಬ ಅಗ್ಗದ ಸಂಸ್ಕಾರಕವನ್ನು 300 ಮೆಗಾಹರ್ಟ್ಸ್ ಬದಲು 450 ಮೆಗಾಹರ್ಟ್ಸ್‌ನಲ್ಲಿ ಓಡಿಸಬಹುದೆಂದು ಅವರು ಕಂಡುಕೊಂಡರು. ಇದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಬೆಲೆ ಕಡಿಮೆ, ವೇಗ ಹೆಚ್ಚು. ಆದರೆ ಉಷ್ಣ ಸುಮ್ಮನಿರುತ್ತದೆಯೆ? ಸಿಮಾಸ್ ಚಿಪ್ಪಿನ ಬಳಕೆ ಆವರ್ತನಕ್ಕೆ ಅನುಪಾತದಲ್ಲಿ, ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. ಆವರ್ತನ 20 ಶೇಕಡ, ವೋಲ್ಟೇಜು 10 ಶೇಕಡ ಹೆಚ್ಚಿಸಿದರೆ 1.2ನ್ನು 1.21ರಿಂದ ಗುಣಿಸಿ: ಉಷ್ಣ ಸುಮಾರು 45 ಶೇಕಡ ಹೆಚ್ಚಾಯಿತು.

ಫ್ಯಾನು ಸೋತಾಗ ಹವ್ಯಾಸಿಗಳು ಗುಜರಿಗೆ ಕೈಹಾಕಿದರು. ಚಳಿದೇಶದ ಕಾರುಗಳೊಳಗೆ ಬೆಚ್ಚನೆಯ ಗಾಳಿ ಬೀಸಲು ಬಳಸುವ ಪುಟ್ಟ ರೇಡಿಯೇಟರ್, ಮೀನಿನ ತೊಟ್ಟಿಯ ಪಂಪು, ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕೊಳವೆ, ಕೈಯಿಂದಲೇ ಕೊರೆದ ತಾಮ್ರದ ಬಿಲ್ಲೆ. ಇಷ್ಟೇ ಸಾಮಗ್ರಿ. 2000ದ ನಂತರ ಇವನ್ನೇ ಅಚ್ಚುಕಟ್ಟಾಗಿ ಮಾಡಿ ಮಾರುವ ಕಂಪನಿಗಳು ಹುಟ್ಟಿಕೊಂಡವು. 2004ರಲ್ಲಿ ಆಪಲ್ ತನ್ನ 2.5 ಗಿಗಾಹರ್ಟ್ಸ್‌ನ ಪವರ್ ಮ್ಯಾಕ್ ಜಿ5ಕ್ಕೆ ಕಾರ್ಖಾನೆಯಲ್ಲೇ ದ್ರವ ತಂಪು ಅಳವಡಿಸಿತು. 2009ರಲ್ಲಿ ಡೆನ್ಮಾರ್ಕಿನ ಅಸೆಟೆಕ್ ತಯಾರಿಸಿ ಕೋರ್ಸೇರ್ ಹೆಸರಿನಲ್ಲಿ ಬಂದ ಎಚ್50ರಲ್ಲಿ ಪಂಪು ಮತ್ತು ತಾಮ್ರದ ಬಿಲ್ಲೆ ಒಂದಾಗಿದ್ದವು. ನೀರನ್ನು ತುಂಬಿ ಮುಚ್ಚಿಯೇ ಮಾರುತ್ತಿದ್ದರು. ನೀರಿನ ತಂಪು ಸಾಮಾನ್ಯ ಬಳಕೆದಾರನ ಕೈಗೆಟುಕಿತು.

ಪೆಟ್ಟಿಗೆ ಕುಗ್ಗಿದಾಗ

ಇದೇ ಕಾಲದಲ್ಲಿ ಪೆಟ್ಟಿಗೆಯೂ ಚಿಕ್ಕದಾಗತೊಡಗಿತು. 1995ರಲ್ಲಿ ಇಂಟೆಲ್ ಗೊತ್ತುಮಾಡಿದ ಎಟಿಎಕ್ಸ್ ಮದರ್‌ಬೋರ್ಡಿನ ಅಳತೆ 305 × 244 ಮಿಲಿಮೀಟರ್. 2001ರಲ್ಲಿ ತೈವಾನಿನ ವಯಾ ಕಂಪನಿ ಮುಂದಿಟ್ಟ ಮಿನಿ-ಐಟಿಎಕ್ಸ್ ಕೇವಲ 170 × 170 ಮಿಲಿಮೀಟರ್. ಅದೇ ದೇಶದ ಷಟಲ್ ಕಂಪನಿಯ ಪುಟ್ಟ ಗಣಕಗಳು ಜನಪ್ರಿಯವಾದವು. ಅವುಗಳಲ್ಲಿ ಬಳಸಿದ ಹೀಟ್ ಪೈಪು, ಅಂದರೆ ಒಳಗಿನ ದ್ರವ ಒಂದು ತುದಿಯಲ್ಲಿ ಆವಿಯಾಗಿ ಇನ್ನೊಂದು ತುದಿಯಲ್ಲಿ ಸಾಂದ್ರಗೊಳ್ಳುವ ಮುಚ್ಚಿದ ಕೊಳವೆ, 1963ರಲ್ಲಿ ಲಾಸ್ ಅಲಮಾಸ್‌ನ ಜಾರ್ಜ್ ಗ್ರೋವರ್ ಮಾಡಿ ತೋರಿಸಿದ ಸಾಧನ. 2013ರಲ್ಲಿ ಹವ್ಯಾಸಿಗಳೇ ವಿನ್ಯಾಸಮಾಡಿ, ಬಳಕೆದಾರರಿಂದಲೇ ಮುಂಗಡ ಹಣ ಕೂಡಿಸಿ ಹೊರತಂದ ಎನ್‌ಕೇಸ್ ಎಂ1 ಎಂಬ ಪೆಟ್ಟಿಗೆಯ ಗಾತ್ರ 12.6 ಲೀಟರ್. ಅಷ್ಟರಲ್ಲೇ ಪೂರ್ಣ ಅಳತೆಯ ಗ್ರಾಫಿಕ್ಸ್ ಕಾರ್ಡೂ 240 ಮಿಲಿಮೀಟರ್ ರೇಡಿಯೇಟರೂ ಹಿಡಿಸುತ್ತಿದ್ದವು.

ಆದರೆ ಗ್ರಾಫಿಕ್ಸ್ ಕಾರ್ಡುಗಳು ಕುಗ್ಗಲಿಲ್ಲ, ಹಸಿವೂ ತಗ್ಗಲಿಲ್ಲ. ಎನ್ವಿಡಿಯಾದ 2022ರ ಆರ್‌ಟಿಎಕ್ಸ್ 4090ರ ಬಳಕೆ 450 ವಾಟ್. 2025ರ 5090ರದು 575 ವಾಟ್.

ಈಗ ನಮ್ಮ 33 ಲೀಟರ್ ಗಾಳಿಯ ಲೆಕ್ಕಕ್ಕೆ ಮರಳಿ. 400 ವಾಟಿನ ಗಣಕವನ್ನು 12.6 ಲೀಟರ್ ಪೆಟ್ಟಿಗೆಯಲ್ಲಿ ಕೂರಿಸಿದರೆ ಒಳಗಿನ ಗಾಳಿಯೆಲ್ಲ ಪ್ರತಿ ಸೆಕೆಂಡಿಗೆ ಎರಡು ಮೂರು ಬಾರಿ ಬದಲಾಗಬೇಕು. ಹಾಗಾದರೆ ನೀರು ಹಾಕಿದೊಡನೆ ಈ ಗಾಳಿ ಬೇಡವಾಗುತ್ತದೆಯೆ? ಇಲ್ಲ! ರೇಡಿಯೇಟರಿನ ಮೂಲಕವೂ ಅಷ್ಟೇ ಗಾಳಿ ಹಾಯಬೇಕು. ಉಷ್ಣದ ಲೆಕ್ಕವನ್ನು ಯಾರೂ ತಪ್ಪಿಸಿಕೊಳ್ಳಲಾರರು. ನೀರು ಮಾಡುವ ಉಪಕಾರ ಬೇರೆ. ಇಕ್ಕಟ್ಟಾದ ಮೂಲೆಯಲ್ಲಿ ಹುಟ್ಟುವ ಉಷ್ಣವನ್ನು ಅದು ಪೆಟ್ಟಿಗೆಯ ಗೋಡೆಯವರೆಗೆ ಹೊತ್ತು ತರುತ್ತದೆ. ಅಲ್ಲಿ ಕೋಣೆಯ ತಾಜಾ ಗಾಳಿ ಸಿಗುತ್ತದೆ, ಅಗಲವಾದ ಮೈ ಸಿಗುತ್ತದೆ. ಒಂದು ಭಾಗ ಬಿಟ್ಟ ಬಿಸಿ ಗಾಳಿಯನ್ನು ಇನ್ನೊಂದು ಭಾಗ ಉಸಿರಾಡುವ ಗೋಳು ತಪ್ಪುತ್ತದೆ. 1964ರ ಮಾದರಿ 91ರಲ್ಲಿ ಹಲಗೆಗಳ ನಡುವೆ ನೀರನ್ನು ಇಟ್ಟದ್ದೂ ಇದೇ ಗೋಳನ್ನು ತಪ್ಪಿಸಲು ಅಲ್ಲವೆ?

ಕಟ್ಟುವವರು ತಿಳಿದಿರಬೇಕಾದ್ದು

ನೀವೋ ನಿಮ್ಮ ವಿದ್ಯಾರ್ಥಿಯೋ ಇಂಥ ಗಣಕವನ್ನು ಕಟ್ಟಲು ಹೊರಟರೆ ಪಠ್ಯಪುಸ್ತಕದ ನಾಲ್ಕು ಪಾಠಗಳು ನೆನಪಿರಲಿ.

ಮೊದಲನೆಯದು, ಪಂಪು ದೊಡ್ಡದಾದಷ್ಟೂ ತಂಪು ಹೆಚ್ಚೆಂಬುದು ಪೂರ್ತಿ ನಿಜವಲ್ಲ. ನಿಮಿಷಕ್ಕೆ ಒಂದು ಲೀಟರ್ ನೀರು ಹರಿದರೆ 400 ವಾಟ್ ಉಷ್ಣದಿಂದ ಅದರ ತಾಪ 6 ಡಿಗ್ರಿಗಿಂತ ಕಡಿಮೆ ಏರುತ್ತದೆ. ಎರಡು ಲೀಟರ್ ಹರಿದರೆ ಏರಿಕೆ ಸುಮಾರು 3 ಡಿಗ್ರಿ. ಅಲ್ಲಿಂದ ಮುಂದೆ ಉಳಿತಾಯ ಅಲ್ಪ. ಕೊನೆಯ ಮಾತು ರೇಡಿಯೇಟರಿನದು.

ಎರಡನೆಯದು, ನೀರು ಕೋಣೆಗಿಂತ ತಂಪಾಗಲಾರದು. ರೇಡಿಯೇಟರ್ ಬಿಡುವ ಉಷ್ಣ, ನೀರು ಮತ್ತು ಗಾಳಿಯ ತಾಪಗಳ ವ್ಯತ್ಯಾಸಕ್ಕೆ ಅನುಪಾತದಲ್ಲಿರುತ್ತದೆ. ಪೂರ್ತಿ ಕೆಲಸದಲ್ಲಿ ಈ ವ್ಯತ್ಯಾಸ 15 ಡಿಗ್ರಿ ಎಂದುಕೊಳ್ಳಿ. 25 ಡಿಗ್ರಿಯ ಕೋಣೆಯಲ್ಲಿ ನೀರು 40 ಡಿಗ್ರಿ. ಮೇ ತಿಂಗಳಲ್ಲಿ ರಾಯಚೂರಿನ ಮನೆಯೊಂದರಲ್ಲಿ ಕೋಣೆಯೇ 40 ಡಿಗ್ರಿಯಾದರೆ ನೀರು 55 ಡಿಗ್ರಿ. ಚಳಿದೇಶದವರ ಅಂಕಿಗಳನ್ನು ನೋಡಿ ರೇಡಿಯೇಟರ್ ಆರಿಸಿದವರು ಇಲ್ಲಿ ಎಡವುತ್ತಾರೆ.

ಮೂರನೆಯದು, ಲೋಹಗಳ ಜಗಳ. ತಾಮ್ರದ ಬಿಲ್ಲೆಗೆ ಅಲ್ಯುಮಿನಿಯಮ್ ರೇಡಿಯೇಟರನ್ನು ಜೋಡಿಸಿ ನಡುವೆ ನೀರು ಹರಿಸಿದರೆ ನೀವು ಕಟ್ಟಿದ್ದು ಗಣಕವಲ್ಲ, ಒಂದು ವೋಲ್ಟಾ ಕೋಶ. ಅಲ್ಯುಮಿನಿಯಮ್ ಕ್ರಮೇಣ ಕರಗಿಹೋಗುತ್ತದೆ. ಎಲ್ಲವೂ ತಾಮ್ರ, ಹಿತ್ತಾಳೆ, ನಿಕ್ಕಲ್ ಬಳಗದ್ದೇ ಆಗಿರಬೇಕು. ನಲ್ಲಿಯ ನೀರು ಬೇಡ. ಭಟ್ಟಿ ಇಳಿಸಿದ ನೀರಿಗೆ ಪಾಚಿ ಮತ್ತು ತುಕ್ಕನ್ನು ತಡೆಯುವ ರಾಸಾಯನಿಕ ಬೆರೆಸಬೇಕು. ಶುದ್ಧ ನೀರು ವಿದ್ಯುತ್ತನ್ನು ಬಹಳ ಕಡಿಮೆ ಹರಿಯಗೊಡುತ್ತದೆಂಬುದು ನಿಜ. ಆದರೆ ಲೋಹದ ಮೇಲೆ ಹರಿದು ಹರಿದು ಅದು ಅಯಾನುಗಳನ್ನು ಕೂಡಿಸಿಕೊಳ್ಳುತ್ತದೆ. ಶುದ್ಧ ನೀರೆಂದು ನಂಬಿ ಸೋರಿಕೆಯನ್ನು ಕಡೆಗಣಿಸುವಂತಿಲ್ಲ.

ನಾಲ್ಕನೆಯದು, ತಾಳ್ಮೆ. ನೀರು ತುಂಬಿದ ಮೇಲೆ ಮದರ್‌ಬೋರ್ಡಿಗೆ ವಿದ್ಯುತ್ ಕೊಡದೆ ಪಂಪನ್ನು ಮಾತ್ರ ಹಲವು ಗಂಟೆ ಓಡಿಸಬೇಕು. ಪ್ರತಿ ಕೀಲಿನ ಕೆಳಗೂ ಒಣ ಕಾಗದ ಇಟ್ಟರೆ ಒಂದು ಹನಿ ಸೋರಿದರೂ ತಿಳಿಯುತ್ತದೆ. ಪಂಪು ತೊಟ್ಟಿಗಿಂತ ಕೆಳಗಿರಬೇಕು. ಗಾಳಿಯ ಗುಳ್ಳೆ ಸಿಕ್ಕಿಕೊಂಡರೆ ಪಂಪು ಒಣಗಿ ಓಡಿ ಕೆಡುತ್ತದೆ. ಪುಟ್ಟ ಪೆಟ್ಟಿಗೆಯಲ್ಲಿ ಕೊಳವೆಗಳ ಕೆಳಗೇ ಸಾವಿರಾರು ರೂಪಾಯಿಯ ಕಾರ್ಡು ಇರುತ್ತದೆ. ಒಂದು ದಿನದ ಆತುರಕ್ಕೆ ವರ್ಷದ ಉಳಿತಾಯ ಹೋದೀತು.

ನೀರು ಮರಳಿ ಬಂತು, ಬಿಸಿಯಾಗಿ

ಅತ್ತ ದೊಡ್ಡ ಗಣಕಗಳಿಗೂ ನೀರು ಮರಳಿತು. 1994ರಲ್ಲಿ ಗಾಳಿಗೆ ಹಿಂದಿರುಗಿದ್ದ ಐಬಿಎಂ, 2008ರ ಪವರ್ 575 ಗಣಕದಲ್ಲಿ ಸಂಸ್ಕಾರಕಗಳ ಮೇಲೆ ನೀರು ಹರಿಯುವ ತಾಮ್ರದ ತಟ್ಟೆಗಳನ್ನು ಕೂರಿಸಿತು. 2010ರಲ್ಲಿ ಜೂರಿಕ್‌ನಲ್ಲಿ ಸ್ಥಾಪಿಸಿದ ಅಕ್ವಸಾರ್ ಗಣಕದ ವಿಶೇಷವೆಂದರೆ ಅದನ್ನು ತಂಪುಮಾಡಿದ್ದು 60 ಡಿಗ್ರಿಯವರೆಗಿನ ಬಿಸಿ ನೀರು! ಇದೇನು ವಿಚಿತ್ರ ಎನಿಸಬಹುದು. ಚಿಪ್ಪು 85 ಡಿಗ್ರಿಯನ್ನು ತಡೆದುಕೊಳ್ಳುವುದಾದರೆ 60 ಡಿಗ್ರಿಯ ನೀರೂ ಅದಕ್ಕೆ ತಂಪೇ. ಹೊರಬಂದ ನೀರಿನ ಉಷ್ಣವನ್ನು ವಿಶ್ವವಿದ್ಯಾಲಯದ ಕಟ್ಟಡ ಬೆಚ್ಚಗಿಡಲು ಬಳಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ, 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ ಕೂಡ ದ್ರವದಿಂದಲೇ ನೇರವಾಗಿ ತಂಪಾಗುವ ಗಣಕಗಳ ಶ್ರೇಣಿಗೆ ಸೇರಿದ್ದು.

ಬಿಸಿ ನೀರಿನ ಈ ಪಾಠ ನಮಗೆ ಬಹಳ ಮುಖ್ಯ. ಅನೇಕ ದತ್ತಾಂಶ ಕೇಂದ್ರಗಳು ಉಷ್ಣವನ್ನು ಹೊರಹಾಕಲು ಗೋಪುರಗಳಲ್ಲಿ ನೀರನ್ನು ಆವಿಮಾಡುತ್ತವೆ. ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 24 ಲಕ್ಷ ಜೂಲ್ ಬೇಕು. ಒಂದು ಕಿಲೋವಾಟ್ ಒಲೆ ಗಂಟೆಗೆ 36 ಲಕ್ಷ ಜೂಲ್ ಉಷ್ಣ ಬಿಡುತ್ತದೆ. ಅಂದರೆ ಪ್ರತಿ ಕಿಲೋವಾಟಿಗೆ ಗಂಟೆಗೆ ಸುಮಾರು ಒಂದೂವರೆ ಲೀಟರ್. 1,000 ಕಿಲೋವಾಟಿನ ಕೇಂದ್ರ ತನ್ನ ಉಷ್ಣವನ್ನೆಲ್ಲ ಹೀಗೆಯೇ ಕಳೆದುಕೊಂಡರೆ ಗಂಟೆಗೆ 1,500 ಲೀಟರ್ ನೀರು ಆಕಾಶಕ್ಕೆ ಹೋಯಿತು. 2024ರ ಬೇಸಗೆಯಲ್ಲಿ ಬೆಂಗಳೂರಿನ ಬಡಾವಣೆಗಳು ಟ್ಯಾಂಕರಿಗಾಗಿ ಕಾದದ್ದನ್ನು ಕಂಡವರಿಗೆ ಇದು ಬರಿಯ ಅಂಕಿಯಲ್ಲ. ನೀರು ಮುಚ್ಚಿದ ಕೊಳವೆಯಲ್ಲೇ ಸುತ್ತುತ್ತಿದ್ದು, 55-60 ಡಿಗ್ರಿ ಬಿಸಿಯಾಗಿರಲು ಬಿಟ್ಟರೆ, 40 ಡಿಗ್ರಿಯ ಬೇಸಗೆಯಲ್ಲೂ ಒಣ ರೇಡಿಯೇಟರಿನಿಂದಲೇ ಉಷ್ಣವನ್ನು ಗಾಳಿಗೆ ಬಿಡಬಹುದು. ಆವಿಯಾಗುವ ನೀರು ಉಳಿಯುತ್ತದೆ. ಪುಟ್ಟ ಪೆಟ್ಟಿಗೆಯಲ್ಲಿ ಹುಡುಗನೊಬ್ಬ ಮಾಡುವುದು ಇದೇ ಕೆಲಸವನ್ನು: ತುಂಬಿದ ಅರ್ಧ ಲೀಟರ್ ನೀರನ್ನೇ ತಿಂಗಳುಗಟ್ಟಲೆ ಸುತ್ತಿಸುತ್ತಾನೆ.

ತರಗತಿಯಲ್ಲಿ ಇದನ್ನು ತೋರಿಸಲು ಗಣಕ ಬೇಕಿಲ್ಲ. ಒಂದೇ ಅಳತೆಯ ಎರಡು ಸ್ಟೀಲ್ ಲೋಟಗಳಿಗೆ ಸಮನಾಗಿ ಬಿಸಿನೀರು ಹಾಕಿ. ಒಂದನ್ನು ಫ್ಯಾನಿನ ಗಾಳಿಗೆ ಇಡಿ. ಇನ್ನೊಂದನ್ನು ತಣ್ಣೀರಿನ ಬೋಗುಣಿಯಲ್ಲಿ ಇಡಿ. ನಿಮಿಷಕ್ಕೊಮ್ಮೆ ಎರಡರ ತಾಪವನ್ನೂ ಬರೆದುಕೊಂಡು ನಕ್ಷೆ ಎಳೆಯಿರಿ. ಜೊತೆಗೆ ಬೋಗುಣಿಯ ನೀರಿನ ತಾಪವನ್ನೂ ಅಳೆಯಲು ಮರೆಯಬೇಡಿ. ಲೋಟ ಕಳೆದುಕೊಂಡ ಉಷ್ಣ ಎಲ್ಲಿಗೆ ಹೋಯಿತೆಂದು ವಿದ್ಯಾರ್ಥಿಗಳನ್ನು ಕೇಳಿ. ಅವರು ಬೋಗುಣಿಯತ್ತ ಬೆರಳು ತೋರಿಸಿದರೆ ಇನ್ನೊಂದು ಪ್ರಶ್ನೆ ಕೇಳಿ: ಅಲ್ಲಿಂದ ಎಲ್ಲಿಗೆ?